ಕವಿಗೋಷ್ಠಿಯೋ, ಓಪನ್ ಮೈಕೋ, ನಾಟಕವೋ?

ಬೆಂಗಳೂರಲ್ಲಿ ಹೊಸ ಕನ್ನಡ ಕವಿತೆ ಕಿವಿಗೆ ಬೀಳಬೇಕು ಅಂದರೆ ಮೂರು ಕಡೆ ಹೋಗಬಹುದು: ಹಳೇ ಪದ್ಧತಿಯ ಕವಿಗೋಷ್ಠಿ, ಯಾರು ಬೇಕಾದರೂ ಮೈಕ್ ಹಿಡಿದು ಓದಬಹುದಾದ ಕೆಫೆ-ಪುಸ್ತಕದಂಗಡಿಗಳ ಓಪನ್ ಮೈಕ್, ಸಣ್ಣ ರಂಗಮಂದಿರದ ನಾಟಕ. ಮೂರಕ್ಕೂ ಸಾಕಷ್ಟು ಅಲೆದಿದ್ದೇನೆ. ಒಂದನ್ನೇ ಆರಿಸು ಅಂದರೆ ನನ್ನ ಓಟು ಇವತ್ತಿಗೂ ಕವಿಗೋಷ್ಠಿಗೇ. ಗೆಳೆಯರು ನಗುತ್ತಾರೆ.

ಅವರು ನಗೋದರಲ್ಲೂ ತಪ್ಪಿಲ್ಲ ಬಿಡಿ. ಹತ್ತೂವರೆ ಅಂತ ಅಚ್ಚಾಗಿದ್ದರೆ ಹನ್ನೊಂದೂವರೆಗೆ ಶುರು. ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗೋದು, ಶಾಲು, ಹಾರ, ಹಣ್ಣಿನ ಬುಟ್ಟಿ. ಕವಿತೆ ಬರುವ ಹೊತ್ತಿಗೆ ಹಿಂದಿನಿಂದ ಸಾರಿನ ಘಮ ಬಂದಿರುತ್ತದೆ. ಒಬ್ಬರಿಗೆ ಒಂದೇ ಕವಿತೆ ಅಂತ ನಿರೂಪಕರು ಬೇಡಿಕೊಂಡರೂ ‘ಇನ್ನೊಂದು ಚಿಕ್ಕದಿದೆ’ ಅಂತ ಜೇಬಿನಿಂದ ಮತ್ತೊಂದು ಹಾಳೆ ಹೊರಗೆ ಬರುತ್ತದೆ. ತಮ್ಮದು ಓದಿ ಮುಗಿದ ಕೂಡಲೇ ಚೀಲ ಎತ್ತಿಕೊಂಡು ಹೊರಡುವವರೇ ಜಾಸ್ತಿ.

ಆದರೆ ಅಲ್ಲಿ ಉಳಿದು ಕೂತವರಿಗೆ ಕೇಳೋದು ಗೊತ್ತು. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಾಗಲಿ, ಜೆ.ಸಿ. ರಸ್ತೆಯ ಕನ್ನಡ ಭವನದ ನಯನ ಸಭಾಂಗಣವಾಗಲಿ, ಸಾಲು ಹಿಡಿಸಿತು ಅಂದರೆ ‘ಇನ್ನೊಮ್ಮೆ ಓದಿ’ ಅನ್ನೋ ದನಿ ಬರುತ್ತದೆ. ಒಮ್ಮೆ ಕಲಬುರಗಿ ಕಡೆಯ ಹುಡುಗನೊಬ್ಬ ತೊಗರಿ ರಾಶಿಯ ಮೇಲೆ ಒಂದು ಪದ್ಯ ಓದಿದ. ಕೈ ನಡುಗುತ್ತಿತ್ತು, ಹಾಳೆಯ ಸದ್ದು ಮೈಕಿನಲ್ಲಿ ಕೇಳುತ್ತಿತ್ತು. ನನ್ನ ಪಕ್ಕದ ಹಿರಿಯರು ಆಮಂತ್ರಣ ಪತ್ರಿಕೆಯ ಹಿಂಬದಿಗೆ ಒಂದು ಸಾಲು ಬರೆದುಕೊಂಡರು. ಊಟದ ಸಾಲಿನಲ್ಲಿ ಅವನನ್ನು ಹಿಡಿದು, ‘ಕೊನೇ ನುಡಿ ಬೇಡ ತಮ್ಮಾ, ಅದರ ಮುಂಚೇನೇ ಪದ್ಯ ಮುಗಿದಿದೆ’ ಅಂದರು. ಅವನು ತಟ್ಟೆ ಹಿಡಿದುಕೊಂಡೇ ವಾದಕ್ಕೆ ನಿಂತ. ಈ ಮಾತುಕತೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಓಪನ್ ಮೈಕಿನಲ್ಲಿ ಎಲ್ಲರಿಗೂ ಒಂದೇ ಚಪ್ಪಾಳೆ. ಮೊದಲ ಸಲ ಓದುವವರಿಗೆ ಅದು ದೊಡ್ಡ ಆಸರೆ, ಒಪ್ಪುತ್ತೇನೆ. ಸಮಯದ ಶಿಸ್ತೂ ಇದೆ: ಐದು ನಿಮಿಷ ಅಂದರೆ ಐದೇ ನಿಮಿಷ. ಬಾಯಿಪಾಠ ಮಾಡಿಕೊಂಡು ಬಂದು ನಮ್ಮ ಕಣ್ಣು ನೋಡಿ ಹೇಳುತ್ತಾರೆ. ಹಾಳೆಯಿಂದ ತಲೆ ಎತ್ತದ ನಮ್ಮ ಗೋಷ್ಠಿ ಕವಿಗಳು ಇದನ್ನು ಕಲಿಯಬೇಕು. ತೊಡಕು ಇರೋದು ಭಾಷೆಯಲ್ಲಿ. ಇಂಗ್ಲಿಷು, ಹಿಂದಿ ಎಲ್ಲ ಬೆರೆತ ಕೋಣೆಯಲ್ಲಿ ಕನ್ನಡದವರು ಮೊದಲು ಇಂಗ್ಲಿಷಿನಲ್ಲಿ ಅರ್ಥ ಹೇಳುತ್ತಾರೆ, ಕೆಲವೊಮ್ಮೆ ಪದ್ಯಕ್ಕಿಂತ ಅದೇ ಉದ್ದ. ಹಾಗಾಗಿ ಅಮ್ಮ, ಬ್ರೇಕಪ್, ಟ್ರಾಫಿಕ್ಕು ಥರದ, ಕೇಳಿದ ತಕ್ಷಣ ತಟ್ಟುವ ಪದ್ಯಗಳು ಗೆಲ್ಲುತ್ತವೆ. ಮೆಲ್ಲನೆ ಬಿಚ್ಚಿಕೊಳ್ಳುವ ಕವಿತೆಗೆ ಅಲ್ಲಿ ಜಾಗ ಕಮ್ಮಿ. ಮೊದಲು ಕೋರಮಂಗಲದಲ್ಲಿದ್ದು ಆಮೇಲೆ ಇಂದಿರಾನಗರಕ್ಕೆ ಬಂದ ಆಟ ಗಲಾಟದಂಥ ಪುಸ್ತಕದಂಗಡಿ ನನಗೆ ಇಷ್ಟ ಆಗೋದು ಇದಕ್ಕೇ: ಹಿಡಿಸಿದ ಕವಿಯ ಪುಸ್ತಕ ಅಲ್ಲೇ ಕಪಾಟಿನಲ್ಲಿ ಇದ್ದರೂ ಇರಬಹುದು.

ನಾಟಕದ ಲೆಕ್ಕ ಬೇರೆ. ಜೆ.ಪಿ. ನಗರದ ರಂಗಶಂಕರ 2004ರಲ್ಲಿ ಬಾಗಿಲು ತೆರೆದಾಗಿನಿಂದ ತಡವಾಗಿ ಬಂದವರನ್ನು ಒಳಗೆ ಬಿಡೋದಿಲ್ಲ ಅನ್ನೋದಕ್ಕೇ ಹೆಸರುವಾಸಿ. ಮುನ್ನೂರು ಚಿಲ್ಲರೆ ಸೀಟು ಅಷ್ಟೆ, ಪಾತ್ರಧಾರಿ ಉಸಿರೆಳೆದದ್ದೂ ಕೇಳುತ್ತದೆ. ಹೊಸ ಕವಿ ಸಿಗೋದು ಅಪರೂಪ, ಆದರೆ ಕನ್ನಡದ ಮಾತಿನ ಲಯಕ್ಕೆ ಕಿವಿ ಹದವಾಗುತ್ತದೆ. ಕ್ಯಾಂಟೀನಿನ ಸಬ್ಬಕ್ಕಿ ವಡೆಗೂ ಒಂದು ಅಂಕ ಕೊಡಬೇಕು.

ನಾಟಕದ ಟಿಕೆಟ್ ಬುಕ್ ಮೈ ಶೋದಲ್ಲಿ, ಓಪನ್ ಮೈಕ್ ಇನ್‌ಸ್ಟಾಗ್ರಾಮಿನಲ್ಲಿ ಸುಲಭವಾಗಿ ಸಿಗುತ್ತವೆ. ಗೋಷ್ಠಿಗೆ ಮಾತ್ರ ಪೇಪರಿನ ‘ನಗರದಲ್ಲಿ ಇಂದು’ ಥರದ ಕಾಲಂ, ಇಲ್ಲಾ ಯಾರೋ ವಾಟ್ಸಾಪಿಗೆ ತಳ್ಳಿದ ಆಮಂತ್ರಣವೇ ಗತಿ. ಪಟ್ಟಿಯಲ್ಲಿ ಇಪ್ಪತ್ತಕ್ಕಿಂತ ಜಾಸ್ತಿ ಕವಿಗಳಿದ್ದರೆ ನಾನಂತೂ ಹೋಗೋದಿಲ್ಲ. ಹತ್ತರ ಒಳಗಿದ್ದು, ಅದರಲ್ಲಿ ನಾಲ್ಕು ಹೆಸರು ಕೇಳಿಯೇ ಇಲ್ಲ ಅಂದರೆ, ರಜೆ ಹಾಕಿಯಾದರೂ ಹೋಗುತ್ತೇನೆ.