ಚಳಿಗಾಲದ ಸವಾರಿಗೆ ಕುದುರೆ ಹೊದಿಕೆ: ಫ್ಲೀಸಾ, ಉಣ್ಣೆಯಾ, ಹಳದಿ ವಾಟರ್‌ಪ್ರೂಫಾ?

ಮೊದಲೇ ಹೇಳಿಬಿಡುತ್ತೇನೆ. ಮೂರನ್ನೂ ಹಾಕಿ ನೋಡಿದ ಮೇಲೆ ನನ್ನ ಕೈ ತಾನಾಗಿ ಹೋಗುವುದು ಹಳದಿ ವಾಟರ್‌ಪ್ರೂಫ್ ಶೀಟಿಗೆ. ನೋಡಲು ಚೆಂದ ಇಲ್ಲ. ಪರಪರ ಅಂತ ಸದ್ದು ಮಾಡುತ್ತದೆ. ಅದರ ವೆಲ್ಕ್ರೋ ಬಗ್ಗೆ ಬೈಯುವುದು ಬೇಕಾದಷ್ಟಿದೆ, ಮುಂದೆ ಬೈಯುತ್ತೇನೆ. ಆದರೂ ಅದೇ.

ಎಕ್ಸರ್ಸೈಸ್ ಶೀಟ್ ಅಂದರೆ ಸವಾರಿ ಮಾಡುವಾಗ ಜೀನಿನಿಂದ ಬಾಲದ ಬುಡದವರೆಗೆ ಕುದುರೆಯ ಸೊಂಟ, ಹಿಂಭಾಗ ಮುಚ್ಚುವ ಹೊದಿಕೆ. ರಾತ್ರಿ ಲಾಯದಲ್ಲಿ ಹಾಕುವ ದಪ್ಪ ರಗ್ಗು ಬೇರೆ, ಇದು ಬೇರೆ. ಬೆಂಗಳೂರಿನ ಕುದುರೆಗಳಿಗೆ ಇದರ ಗೋಜಿಲ್ಲ. ಅಲ್ಲಿ ಜನವರಿ ಬೆಳಿಗ್ಗೆಯೂ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು ಇರುತ್ತದೆ. ನಾನಿರುವುದು ಇಂಗ್ಲೆಂಡಿನಲ್ಲಿ, ಲೀಡ್ಸ್ ಹತ್ತಿರದ ಆಟ್ಲಿ ಕಡೆ. ಇಲ್ಲಿ ಡಿಸೆಂಬರ್ ಅಂದರೆ ಮೂರ್ನಾಲ್ಕು ಡಿಗ್ರಿ ಚಳಿ, ಅದಕ್ಕೆ ಸೇರಿದ ಜಿನುಗು ಮಳೆ, ಅದರ ಮೇಲೆ ಚೆವಿನ್ ಗುಡ್ಡದ ಗಾಳಿ. ಬರೀ ಚಳಿಯಾದರೆ ಕುದುರೆ ತಡೆದುಕೊಳ್ಳುತ್ತದೆ. ಮೂರೂ ಸೇರಿದಾಗಲೇ ಕಷ್ಟ.

ಮೇಬಲ್ ನನ್ನ ಸ್ವಂತದ ಕುದುರೆಯಲ್ಲ. ತಿಂಗಳಿಗೆ ಇಷ್ಟು ಅಂತ ಕೊಟ್ಟು ವಾರದ ಕೆಲವು ದಿನ ನಾನು ನೋಡಿಕೊಂಡು ಸವಾರಿ ಮಾಡುವ ಏರ್ಪಾಡು. ಗಿಡ್ಡ ಕಾಲು, ಅಗಲ ಬೆನ್ನು, ಇಲ್ಲಿ ಕಾಬ್ ಅನ್ನುವ ಗಟ್ಟಿ ಮೈಕಟ್ಟು. ಅಕ್ಟೋಬರ್ ಬಂತೆಂದರೆ ಮೈಮೇಲೆ ಬೆರಳು ಹೂತುಹೋಗುವಷ್ಟು ಕೂದಲು ಬೆಳೆಯುತ್ತದೆ. ಕುದುರೆ ಮೈಯೆಲ್ಲ ಬೆವರುವ ಪ್ರಾಣಿ. ಸ್ನಾಯು ಖರ್ಚು ಮಾಡುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗ ಓಟಕ್ಕೆ ಹೋಗುತ್ತದೆ, ಮಿಕ್ಕಿದ್ದೆಲ್ಲ ಬಿಸಿ. ಆ ಕೂದಲಿನೊಳಗೆ ಬೆವರಿದರೆ ಗಂಟೆಗಟ್ಟಲೆ ಒಣಗುವುದಿಲ್ಲ. ಅದಕ್ಕೇ ಇಲ್ಲಿ ಮೆಷಿನ್ ಹಿಡಿದು ಕೂದಲು ಬೋಳಿಸುತ್ತಾರೆ. ಮೇಬಲ್‌ಗೆ ಮಾಡಿಸುವುದು ಹಂಟರ್ ಕ್ಲಿಪ್. ಕಾಲು ಮತ್ತು ಜೀನು ಕೂರುವ ಜಾಗ ಬಿಟ್ಟು ಮೈಯೆಲ್ಲ ಬೋಳು. ಹಾಗೆ ಬೋಳಿಸಿದ ಸೊಂಟದ ಮೇಲೆ ತಣ್ಣನೆ ಮಳೆ ಬಿದ್ದರೆ ಅವಳು ಬೆನ್ನು ಬಿಗಿ ಹಿಡಿದು, ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಾಳೆ. ಮೇಲೆ ಕೂತವರಿಗೆ ತಕ್ಷಣ ಗೊತ್ತಾಗುತ್ತದೆ.

ನಿಮ್ಮ ಕುದುರೆಗೆ ಕೂದಲು ಬೋಳಿಸಿಲ್ಲ ಅಂದರೆ ದುಡ್ಡು ಉಳಿಸಿ. ಬ್ಲಾಂಕೆಟ್ ಕ್ಲಿಪ್ ಮಾಡಿಸಿದವರೂ ಅಷ್ಟೇ. ಅದರಲ್ಲಿ ಬೆನ್ನು, ಸೊಂಟದ ಕೂದಲು ಹಾಗೇ ಇರುತ್ತದೆ, ಅದೇ ಹೊದಿಕೆ. ನಮಗೆ ಸ್ವೆಟರ್ ಬೇಕು ಅನ್ನಿಸುವ ಹವೆಯಲ್ಲಿ ಕುದುರೆ ಆರಾಮಾಗಿರುತ್ತದೆ. ಸಾಮಾನ್ಯವಾಗಿ 5 ಡಿಗ್ರಿಯಿಂದ 25 ಡಿಗ್ರಿವರೆಗೆ ಅದಕ್ಕೆ ಬಿಸಿಗೆ, ತಂಪಿಗೆ ಅಂತ ಬೇರೆ ಶ್ರಮ ಬೇಕಿಲ್ಲ. ಒಣಹುಲ್ಲು ಹೊಟ್ಟೆಯಲ್ಲಿ ಹುಳಿಯುವಾಗಲೇ ಒಳಗಿಂದ ಬಿಸಿ ಹುಟ್ಟುತ್ತಿರುತ್ತದೆ. ಊರಿಂದ ಬಂದ ಹೊಸದರಲ್ಲಿ ನಮ್ಮ ಚಳಿ ಲೆಕ್ಕದಲ್ಲಿ ಕುದುರೆಗೆ ಬಟ್ಟೆ ಹೊದಿಸುವವರೇ ಜಾಸ್ತಿ.

ಈಗ ಫ್ಲೀಸ್, ಅಂದರೆ ಜುಂಗು ಮೈಯ ಸಿಂಥೆಟಿಕ್ ಬಟ್ಟೆ. ನಾನು ಮೊದಲು ಕೊಂಡದ್ದು ಇದನ್ನೇ, 35 ಪೌಂಡ್. ಮೆತ್ತಗಿದೆ, ಸದ್ದಿಲ್ಲ, ಮನೆ ಮೆಷಿನ್‌ನಲ್ಲಿ ತೊಳೆಯಬಹುದು. ತುಂತುರು ಮಳೆಗೆ ತಡೆಯುತ್ತದೆ ಅಂತ ಚೀಟಿಯಲ್ಲಿ ಬರೆದಿತ್ತು. ಯಾರ ತುಂತುರೋ ಗೊತ್ತಿಲ್ಲ, ನಮ್ಮ ಯಾರ್ಕ್‌ಶೈರಿನದಂತೂ ಅಲ್ಲ. ಅರ್ಧ ದಾರಿಗೇ ನೀರು ಕುಡಿದು ಭಾರವಾಗಿ ಎರಡೂ ಪಕ್ಕಕ್ಕೆ ಜೋತು ಬೀಳುತ್ತದೆ. ಒದ್ದೆ ಫ್ಲೀಸ್ ಹೊದ್ದ ಕುದುರೆಗಿಂತ ಏನೂ ಹೊದೆಯದ ಕುದುರೆ ವಾಸಿ. ಇದರ ಮುಂದಿನ ತುದಿ ಜೀನಿನ ಕೆಳಗೆ ಸೇರಿಸುವಂಥದ್ದು. ಟ್ರಾಟ್ ಅಂದರೆ ಕುಲುಕು ಓಟ ಶುರುವಾದರೆ ಒಂದೊಂದೇ ಇಂಚು ಹಿಂದಕ್ಕೆ ಜಾರಿ ಜೀನಿನ ಕೆಳಗೆ ಮಡಿಕೆ ಬೀಳುತ್ತದೆ. ಬೆನ್ನಿಗೆ ಒತ್ತುವ ಮಡಿಕೆಯನ್ನು ಯಾವ ಕುದುರೆಯೂ ಸಹಿಸುವುದಿಲ್ಲ. ಒಣಚಳಿಯ ದಿನ ಇನ್ನೊಂದು ತಮಾಷೆ. ತೆಗೆಯುವಾಗ ಚಟಪಟ ಅಂತ ಕರೆಂಟ್ ಹೊಡೆಯುತ್ತದೆ, ನನಗೂ ಮೇಬಲ್‌ಗೂ ಒಟ್ಟಿಗೆ.

ಹಾಗಂತ ಎಸೆದಿಲ್ಲ. ಫ್ಲೀಸ್ ಬೆವರನ್ನು ಮೈಯಿಂದ ಎಳೆದು ಹೊರಗೆ ಬಿಡುತ್ತದೆ. ಸವಾರಿ ಮುಗಿಸಿ ಇಳಿದ ಮೇಲೆ, ಜೀನು ಬಿಚ್ಚಿ ಗೊರಸು ಕೆರೆಯುವಷ್ಟು ಹೊತ್ತು ಬೆನ್ನ ಮೇಲೆ ಹಾಕಿಟ್ಟರೆ ಬೇಗ ಒಣಗುತ್ತಾಳೆ. ಅದಕ್ಕೆ ಇದು ಸರಿ. ದಿನಾ ಛಾವಣಿ ಇರುವ ಅಖಾಡದಲ್ಲೇ ಸವಾರಿ ಮಾಡುವವರಿಗೆ ಇದೇ ಸಾಕು, ಬೇರೆ ಓದಬೇಕಾಗಿಲ್ಲ.

ಉಣ್ಣೆ ಶೀಟು ನನ್ನದಲ್ಲ. ನಮ್ಮ ಲಾಯದಲ್ಲಿ ಕುದುರೆ ಇಟ್ಟಿರುವ ಹಿರಿಯರೊಬ್ಬರು ಒಂದಷ್ಟು ವಾರ ಬಳಸಲು ಕೊಟ್ಟರು. ಹಳದಿ ಮೈ, ಮೇಲೆ ಕೆಂಪು, ಕಪ್ಪು ಪಟ್ಟೆ, ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತದೆ. ರೇಸ್ ಕುದುರೆಗಳಿಗೇ ಹೆಸರಾದ ನ್ಯೂಮಾರ್ಕೆಟ್‌ನಲ್ಲಿ ಮೂರು ಸಾವಿರಕ್ಕೂ ಜಾಸ್ತಿ ರೇಸ್ ಕುದುರೆಗಳು ತಾಲೀಮಿನಲ್ಲಿರುತ್ತವೆ. ಚಳಿಗಾಲದ ಬೆಳಿಗ್ಗೆ ಅಲ್ಲಿನ ತಾಲೀಮು ಗುಡ್ಡ ವಾರೆನ್ ಹಿಲ್ ಕಡೆ ಸಾಲುಗಟ್ಟಿ ಹೊರಡುವಾಗ, ಟ್ರೇನರ್ ಹೆಸರಿನ ಅಕ್ಷರ ಹೊಲಿದ ಶೀಟುಗಳು ಅವುಗಳ ಮೇಲೆ ಕಾಣುತ್ತವೆ. ಈ ಪಟ್ಟೆ ಕಂಬಳಿ ನೋಡಿದರೆ ನನಗೆ ಅವೇ ನೆನಪಾಗುತ್ತವೆ.

ಮಲೆನಾಡಿನವರಿಗೆ ಉಣ್ಣೆಯ ಗುಣ ವಿವರಿಸಬೇಕಿಲ್ಲ. ಗದ್ದೆ ಕೆಲಸಕ್ಕೆ ಕಂಬಳಿ ಕೊಪ್ಪೆ ಹಾಕಿಕೊಂಡು ಹೋದ ಅಜ್ಜ ಹೊರಗೆ ತೊಪ್ಪೆಯಾಗಿ ಬಂದರೂ ಒಳಗೆ ಬೆಚ್ಚಗಿರುತ್ತಿದ್ದರು, ಇದೂ ಹಾಗೇ. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಮೇಬಲ್‌ಗೆ ಅತ್ಯಂತ ಇಷ್ಟವಾದದ್ದು ಇದೇ, ಅದರಲ್ಲಿ ಅನುಮಾನ ಇಲ್ಲ. ಕತ್ತು ಇಳಿಬಿಟ್ಟು, ಬೆನ್ನು ಸಡಿಲ ಮಾಡಿ ನಡೆದಳು. ಗಾಳಿಗೆ ಹಾರುವುದಿಲ್ಲ, ಸದ್ದಿಲ್ಲ, ಜಾರುವುದು ಕಡಿಮೆ. ಇಬ್ಬನಿ ಹೆಪ್ಪುಗಟ್ಟಿದ ಒಣ ಬೆಳಿಗ್ಗೆಗೆ ಇದನ್ನು ಮೀರಿಸುವುದು ಇಲ್ಲ.

ಆದರೆ ಹೊಸದಕ್ಕೆ ನೂರು ಪೌಂಡ್ ದಾಟುತ್ತದೆ. ಮೆಷಿನ್‌ಗೆ ಹಾಕುವ ಹಾಗಿಲ್ಲ. ಬೇಸಿಗೆಯಲ್ಲಿ ನುಸಿ ಗುಳಿಗೆ ಇಟ್ಟು ಮಡಚಿಡಬೇಕು. ಜೋರು ಮಳೆಯಲ್ಲಿ ನೆನೆದರೆ ಒಣಗಲು ಎರಡು ದಿನ, ಅಷ್ಟರಲ್ಲಿ ಮತ್ತೆ ಸವಾರಿ ದಿನ ಬಂದಿರುತ್ತದೆ. ಲಾಯದಲ್ಲಿ ಹೀಟರ್ ಇರುವವರ ಮಾತು ಬೇರೆ.

ಇನ್ನು ನನ್ನ ಹಳದಿ. ಹೊರಗೆ ನೈಲಾನ್, ಒಳಗೆ ತೆಳ್ಳನೆ ಫ್ಲೀಸ್, ಸುತ್ತ ಬೆಳಕಿಗೆ ಹೊಳೆಯುವ ಪಟ್ಟಿ. 55 ಪೌಂಡ್. ಜೀನಿನ ಕೆಳಗೆ ಹೋಗುವುದಿಲ್ಲ. ಶೀಟಿನ ಮುಂದಿನ ಎರಡು ಚಾಚು, ನಾನು ಕಿವಿ ಅನ್ನುವುದು ಇವನ್ನೇ, ಸವಾರರ ತೊಡೆಯ ಮೇಲಿಂದ ಮುಂದಕ್ಕೆ ಬಂದು, ಜೀನಿನ ಮುಂದೆ ಕುದುರೆಯ ಹೆಗಲ ದಿಬ್ಬದ ಮೇಲೆ ವೆಲ್ಕ್ರೋದಿಂದ ಅಂಟಿಕೊಳ್ಳುತ್ತವೆ. ನನ್ನ ತೊಡೆಗೂ ಮಳೆ ತಾಗುವುದಿಲ್ಲ, ಇದು ಉಚಿತ ಲಾಭ.

ಆ ವೆಲ್ಕ್ರೋ ಇದೆಯಲ್ಲ, ಅದನ್ನು ಕುದುರೆ ಹತ್ತಿರಕ್ಕೇ ಹೋಗದವರು ಯಾರೋ ಯೋಚಿಸಿ ಇಟ್ಟಿರಬೇಕು. ಅದು ಬರುವ ಜಾಗ ಸರಿಯಾಗಿ ಜೂಲು ಮುಗಿಯುವ ಜಾಗ. ಹಾಕುವಾಗಲೆಲ್ಲ ನಾಲ್ಕು ಎಳೆ ಕೂದಲು ಮಧ್ಯೆ ಸಿಕ್ಕಿಕೊಳ್ಳುತ್ತದೆ. ಬಿಚ್ಚುವಾಗ ಅವು ಕಿತ್ತುಕೊಂಡು ಬರುತ್ತವೆ. ಮುಳ್ಳಿನ ಕಡೆ ಪಟ್ಟಿಗೆ ಕೂದಲು, ಹುಲ್ಲಿನ ಚೂರು, ಒಣಗಿದ ಕೆಸರು ಎಲ್ಲ ತುಂಬಿ, ಹೊಸದಾಗಿ ಬಂದ ತಿಂಗಳಲ್ಲೇ ಅರ್ಧ ಹಿಡಿತ ಹೋಯಿತು. ಹಿಡಿತ ಹೋದರೆ ಏನಾಗುತ್ತದೆ? ಕ್ಯಾಂಟರ್‌ನಲ್ಲಿ (ಟ್ರಾಟ್‌ಗಿಂತ ಜೋರಾದ ಓಟ) ಒಂದು ಕಿವಿ ಬಿಟ್ಟುಕೊಂಡು ಹಿಂದಕ್ಕೆ ಹೋಗಿ ಅವಳ ಪಕ್ಕೆಗೆ ಪಟಪಟ ಹೊಡೆಯುತ್ತದೆ. ತನ್ನ ಪಕ್ಕದಲ್ಲಿ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಅಂದುಕೊಂಡು ಅವಳು ಇನ್ನೂ ಜೋರಾಗಿ ಓಡುತ್ತಾಳೆ, ಅದು ಇನ್ನೂ ಜೋರಾಗಿ ಹೊಡೆಯುತ್ತದೆ.

ಎರಡನೆಯದು ಸದ್ದು. ಗುಡ್ಡದ ಮೇಲೆ ಮೈ ಬಿಸಿಯಾಯಿತು, ಸ್ವಲ್ಪ ತೆರೆಯೋಣ ಅಂತ ಮೇಲೆ ಕೂತೇ ಚರ್ರ್ ಅಂತ ಎಳೆದರೆ ಕೆಳಗಿರುವವಳಿಗೆ ಏನನ್ನಿಸಬೇಕು? ಅವಳ ಸ್ವಂತ ಕಿವಿ ಎರಡೂ ಹಿಂದಕ್ಕೆ, ಬೆನ್ನು ಕಲ್ಲು. ಒಂದು ಕೈಯಲ್ಲಿ ಲಗಾಮು, ಇನ್ನೊಂದು ಕೈಯಲ್ಲಿ ಒದ್ದೆ ಕೈಗವಸು. ಆ ಕೈಗವಸೂ ವೆಲ್ಕ್ರೋಗೆ ಅಂಟಿಕೊಳ್ಳುತ್ತದೆ.

ಇದಕ್ಕೆ ನಾನು ಮಾಡಿಕೊಂಡದ್ದು ಇಷ್ಟು. ಊರಿಂದ ತಂದಿದ್ದ ಮರದ ಸೀರಣಿಗೆ ಒಂದು ಮನೆಯಲ್ಲಿ ಸುಮ್ನೆ ಬಿದ್ದಿತ್ತು. ಹೇನು ತೆಗೆಯುವ ಅದರ ಸಣ್ಣ ಹಲ್ಲು ವೆಲ್ಕ್ರೋ ಮುಳ್ಳಿನ ಸಾಲಿಗೆ ಹೇಳಿ ಮಾಡಿಸಿದ ಹಾಗಿದೆ. ಸವಾರಿ ಆದ ಮೇಲೆ ನಾಲ್ಕು ಸಲ ಎಳೆದರೆ ಕೂದಲೆಲ್ಲ ಬಂದುಬಿಡುತ್ತದೆ. ಲಾಯದವರು ಇದೇನು ಅಂತ ಕೇಳಿದಾಗ ಕುದುರೆ ಸಾಮಾನು ಅಂದೆ. ಜೊತೆಗೆ ಎರಡು ಕಿವಿಯ ತುದಿಗೂ ಒಂದೊಂದು ದಾರದ ಕುಣಿಕೆ ಹೊಲಿದು, ಜೀನಿನ ಮುಂಭಾಗದ ಎರಡು ಬದಿಯಲ್ಲಿರುವ ಸಣ್ಣ ಲೋಹದ ಬಳೆಗೆ ತೆಳು ದಾರದಿಂದ ಕಟ್ಟುತ್ತೇನೆ. ಎಲ್ಲಾದರೂ ಸಿಕ್ಕಿಕೊಂಡರೆ ತಕ್ಷಣ ಹರಿಯುವಷ್ಟು ತೆಳು ಇರಲಿ. ಈಗ ವೆಲ್ಕ್ರೋ ಬಿಟ್ಟರೂ ಕಿವಿ ಹಾರುವುದಿಲ್ಲ. ತೆರೆಯಬೇಕು ಅನ್ನಿಸಿದರೆ ಅಂಗೈ ಮೇಲಿಟ್ಟು ಒತ್ತಿಕೊಂಡು ನಿಧಾನ ಬಿಡಿಸುತ್ತೇನೆ, ಸದ್ದು ಅರ್ಧವಾಗುತ್ತದೆ.

ನೈಲಾನ್ ಪರಪರಕ್ಕೆ ಮದ್ದು ಸುಲಭ. ಕೆಲವು ದಿನ ಲಾಯದ ಬಾಗಿಲ ಮೇಲೆ ನೇತುಹಾಕಿ, ಅದರ ಪಕ್ಕದಲ್ಲೇ ತಿಂಡಿ ಕೊಡಿ. ಆಮೇಲೆ ನಿಂತಲ್ಲೇ ಬೆನ್ನ ಮೇಲೆ ಹಾಕಿ, ಆಮೇಲೆ ಹಿಡಿದು ನಡೆಸಿ.

ಬಾಲದ ದಾರ ಮಾತ್ರ ಯಾವ ಶೀಟಾದರೂ ಬಿಡಬೇಡಿ. ಹಿಂದಿನ ಎರಡು ತುದಿಯನ್ನು ಸೇರಿಸುವ, ಬಾಲದ ಕೆಳಗೆ ಹೋಗುವ ಹೆಣೆದ ದಾರ ಅದು. ಇಲ್ಲದಿದ್ದರೆ ಗಾಳಿ ಒಳಗೆ ನುಗ್ಗಿ ಶೀಟು ಎದ್ದು ನಿಮ್ಮ ಬೆನ್ನಿಗೇ ಬರುತ್ತದೆ. ಬಿಗಿ ಬೇಡ, ಒಂದು ಅಂಗೈ ಸಲೀಸಾಗಿ ಆಡುವಷ್ಟು ಸಡಿಲ ಇರಲಿ. ಮೇಬಲ್ ಲದ್ದಿ ಹಾಕುವಾಗ ಅದರ ಮೇಲೂ ಬೀಳುತ್ತದೆ, ಏನೂ ಮಾಡುವ ಹಾಗಿಲ್ಲ. ಹಳದಿ ನೈಲಾನ್ ಆದರೆ ಪೈಪ್ ಹಿಡಿದು ತೊಳೆದರೆ ಮುಗಿಯಿತು. ಉಣ್ಣೆ ಮೇಲೆ ಬಿದ್ದದ್ದಕ್ಕೆ ಆ ಹಿರಿಯರ ಮುಖ ನೋಡುವುದೇ ಕಷ್ಟವಾಗಿತ್ತು.

ಇಷ್ಟೆಲ್ಲ ರಗಳೆ ಇದ್ದೂ ಹಳದಿ ಯಾಕೆ ಅಂದರೆ, ರಸ್ತೆ. ನಮ್ಮ ಲಾಯದಿಂದ ಬ್ರೈಡಲ್‌ವೇ ಅನ್ನುವ ಕುದುರೆ ಸವಾರರ ಹಾದಿ ಸೇರಲು ಟಾರು ದಾರಿಯಲ್ಲೇ ಹೋಗಬೇಕು. ಎರಡು ಪಕ್ಕ ಕಲ್ಲಿನ ಗೋಡೆ, ತಿರುವು, ನಡುವೆ ಒಂದು ಕಾರಿನಷ್ಟೇ ಜಾಗ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂಮುಕ್ಕಾಲಿಗೆ ಸೂರ್ಯ ಮುಳುಗಿರುತ್ತಾನೆ. ಕುದುರೆ ದಾಟುವಾಗ ಗಂಟೆಗೆ 10 ಮೈಲಿ ಒಳಗೆ, ಕನಿಷ್ಠ 2 ಮೀಟರ್ ಅಂತರ ಬಿಟ್ಟು ಹೋಗಿ ಅಂತ 2022ರ ಜನವರಿಯಿಂದ ಇಲ್ಲಿನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್ ಹೇಳುತ್ತದೆ. ಒಳ್ಳೆಯದೇ. ಆದರೆ ಅಂತರ ಬಿಡಲು ಮೊದಲು ಕುದುರೆ ಕಾಣಬೇಕಲ್ವಾ? ಮೇಬಲ್ ಕಂದು ಬಣ್ಣ, ಆ ಮಬ್ಬಿನಲ್ಲಿ ಗೋಡೆಯ ಮುಂದೆ ಕರಗಿಹೋಗುತ್ತಾಳೆ. ಹಿಂದಿನಿಂದ ಬರುವ ಡ್ರೈವರ್‌ಗೆ ಮೊದಲು ಕಾಣುವುದು ಅವಳ ಹಿಂಭಾಗ, ಅದಷ್ಟೂ ಹಳದಿ. ನನ್ನ ಜಾಕೆಟ್ ಮಾತ್ರ ಹಳದಿ ಇದ್ದಾಗ ಎಷ್ಟೋ ಕಾರು ಹತ್ತಿರ ಬಂದು ಬ್ರೇಕ್ ಒತ್ತುತ್ತಿದ್ದವು. ಈಗ ತಿರುವಿನಲ್ಲೇ ನಿಧಾನವಾಗುತ್ತವೆ. ಬರೀ ಕಾಣಲಿಕ್ಕೆ ಅಂತ ಹಳದಿ ಜಾಲರಿ ಶೀಟೂ ಸಿಗುತ್ತದೆ, ಕೂದಲು ಬೋಳಿಸದ ಕುದುರೆಗೆ ಅದು ಒಳ್ಳೆಯದು.

ಯಾವುದನ್ನೇ ಹಾಕಿ, ಅದರ ಉಪಯೋಗ ಮೊದಲ ನಡಿಗೆಗೂ ಕೊನೆಯ ನಡಿಗೆಗೂ. ನಡುವೆ ಗುಡ್ಡ ಹತ್ತಿಸಿ ಓಡಿಸುವುದಾದರೆ ಮುಂದಿನ ಕಿವಿ ಹಿಂದಕ್ಕೆ ಮಡಚಿ ತೊಡೆಯ ಕೆಳಗೆ ಸೇರಿಸಿ, ಇಲ್ಲವೇ ತೆಗೆದುಬಿಡಿ. ನನ್ನದು ಹೆಚ್ಚಾಗಿ ನಡಿಗೆ, ಸ್ವಲ್ಪ ಟ್ರಾಟ್, ಖುಷಿ ಬಂದರೆ ಒಂದು ಕ್ಯಾಂಟರ್. ಕೆಲಸ ಮುಗಿಸಿ ಓಡಿ ಬಂದು ಸಂಜೆಗತ್ತಲಲ್ಲಿ ಹೊರಡುವವಳು ನಾನು. ಒಂದೇ ಶೀಟಿಗೆ ದುಡ್ಡು ಹಾಕುವುದಾದರೆ ಹಳದಿಗೇ ಹಾಕುತ್ತೇನೆ. ಶನಿವಾರ ಬೆಳಿಗ್ಗೆ ಬಿಸಿಲಲ್ಲಿ ಮಾತ್ರ ಹೊರಡುವವರು, ಕೈಯಲ್ಲಿ ಸ್ವಲ್ಪ ಕಾಸಿರುವವರು, ಉಣ್ಣೆಯದ್ದು ಹಳೆಯದು ಸಿಕ್ಕರೆ ಯೋಚಿಸದೆ ಕೊಳ್ಳಿ.

ತೊಳೆಯುವ ವಿಚಾರ ಒಂದು ಬಾಕಿ. ವಾಟರ್‌ಪ್ರೂಫ್‌ಗೆ ಮಾಮೂಲಿ ಸೋಪುಪುಡಿ ಹಾಕಿದರೆ ನೀರು ತಡೆಯುವ ಲೇಪ ಹೋಗುತ್ತದೆ, ಅದಕ್ಕೆಂದೇ ಸಿಗುವ ದ್ರವ ಹಾಕಿ, ವೆಲ್ಕ್ರೋ ಮುಚ್ಚಿ ತೊಳೆಯಿರಿ. ಇಲ್ಲಿನ ಲಾಂಡ್ರಿಗಳಲ್ಲಿ ಕುದುರೆ ರಗ್ಗು ತರಬೇಡಿ ಅಂತ ಬೋರ್ಡ್ ಹಾಕಿರುತ್ತಾರೆ. ಮನೆ ಮೆಷಿನ್‌ಗೆ ಹಾಕಿದರೆ ಮನೆಯವರ ಬಿಳಿ ಷರಟಿನ ಮೇಲೆ ಮೇಬಲ್ ಕೂದಲು. ಹೀಗಾಗಿ ಅಂಗಳದಲ್ಲೇ ಬಕೆಟ್ ಇಟ್ಟುಕೊಂಡು ತೊಳೆಯುತ್ತೇನೆ. ಕೊಳ್ಳುವ ಮೊದಲು ಜೀನಿನ ಹಿಂತುದಿಯಿಂದ ಬಾಲದ ಬುಡಕ್ಕೆ ಟೇಪ್ ಹಿಡಿದು ಅಳೆದುಕೊಳ್ಳಿ, ಕಾಬ್ ಕುದುರೆಗಳ ಅಗಲ ಬೆನ್ನಿಗೆ ಒಂದು ಸೈಜ್ ದೊಡ್ಡದೇ ಬೇಕಾಗುತ್ತದೆ. ಫೆಬ್ರವರಿ ಕೊನೆಗೆ ಅಂಗಡಿಗಳು ಚಳಿಗಾಲದ ಸಾಮಾನು ಖಾಲಿ ಮಾಡಲು ಬೆಲೆ ಇಳಿಸುತ್ತವೆ. ವೆಲ್ಕ್ರೋ ಬದಲು ಬಕಲ್ ಇರುವ ಹಳದಿ ಶೀಟು ಆಗ ಸಿಕ್ಕರೆ ನನಗೊಂದು ಮಾತು ತಿಳಿಸಿ.