ಸೋರುವ ಫ್ರಿಡ್ಜ್ ಫಿಲ್ಟರನ್ನು ಮತ್ತಷ್ಟು ಬಿಗಿಯಲು ಹೋಗಬೇಡಿ

ಒಂದು ಮನೆಯಲ್ಲಿ ಸಂಜೆ ಫ್ರಿಡ್ಜಿನ ನೀರಿನ ಫಿಲ್ಟರ್ ಬದಲಾಯಿತು. ಹಳೆಯದನ್ನು ಕಾಲು ಸುತ್ತು ತಿರುಗಿಸಿ ತೆಗೆದು, ಹೊಸದನ್ನು ಒತ್ತಿ ತಿರುಗಿಸಿದ್ದೂ ಆಯಿತು. ಸ್ವಲ್ಪ ಹೊತ್ತಿಗೆ ಫಿಲ್ಟರಿನ ಕುತ್ತಿಗೆಯಲ್ಲಿ ಹನಿ ಕಂಡಿತು. ಸಡಿಲ ಇರಬೇಕೆಂದು ಮನೆಯವರು ಬಲ ಹಾಕಿ ಇನ್ನಷ್ಟು ತಿರುಗಿಸಿದರು, ಹನಿ ನಿಂತಿತು. ಬೆಳಗ್ಗೆ ಅಡುಗೆಮನೆಯ ನೆಲದ ತುಂಬ ನೀರು. ಫಿಲ್ಟರ್ ಕೂರುವ ಪ್ಲಾಸ್ಟಿಕ್ ಹೆಡ್ ಸೀಳಿತ್ತು. ಅದರೊಳಗೆ ಹಳೆಯ ಫಿಲ್ಟರಿನ ಓ-ರಿಂಗ್ ಅಂಟಿಕೊಂಡೇ ಇತ್ತು.

ಈ ಓ-ರಿಂಗ್ ಬಹಳ ಮನೆಗಳಲ್ಲಿ ಹೀಗೇ ಮೋಸ ಮಾಡುತ್ತದೆ. ಆರು ತಿಂಗಳು ಒಂದೇ ಜಾಗದಲ್ಲಿ ಒತ್ತಿಕೊಂಡಿದ್ದ ರಬ್ಬರ್ ಉಂಗುರ, ಫಿಲ್ಟರ್ ಹೊರಬಂದರೂ ಒಳಗೇ ಉಳಿದುಬಿಡಬಹುದು. ಹೊಸ ಫಿಲ್ಟರಿನ ಜೊತೆ ಅದರದೇ ಉಂಗುರ ಬಂದಿರುತ್ತದೆ. ಒಂದರ ಮೇಲೊಂದು ಕೂತರೆ ಎರಡೂ ನೆಟ್ಟಗೆ ಕೂರುವುದಿಲ್ಲ. ಬಲ ಹಾಕಿದಾಗ ಒಂದು ಮಡಚಿಕೊಂಡು ಸಂದು ಮುಚ್ಚುತ್ತದೆ, ಅದೂ ಸ್ವಲ್ಪ ಹೊತ್ತು ಮಾತ್ರ. ಓ-ರಿಂಗ್ ತನ್ನ ಗ್ರೂವಿನಲ್ಲಿ, ಅಂದರೆ ಅದಕ್ಕೆಂದೇ ಕೊರೆದ ಸಂದಿನಲ್ಲಿ, ಸರಿಯಾಗಿ ಕೂತಿದ್ದರೆ ನೀರಿನ ಒತ್ತಡವೇ ಅದನ್ನು ಗೋಡೆಗೆ ಒತ್ತಿ ಸೋರಿಕೆ ತಡೆಯುತ್ತದೆ. ಕೈಬಲದಿಂದ ಅದಕ್ಕೆ ಏನೂ ಸಹಾಯವಾಗದು, ಹೆಡ್ಡಿನ ಹಿಡಿತದ ಹಲ್ಲುಗಳಿಗೆ ಪೆಟ್ಟು ಬೀಳುತ್ತದೆ ಅಷ್ಟೆ. ರಾತ್ರಿ ಯಾರೂ ನಲ್ಲಿ ತೆರೆಯದ ಹೊತ್ತಿನಲ್ಲಿ ಪೈಪಿನ ಒತ್ತಡ ಏರುತ್ತದೆ. ಸಂಜೆಯ ಕೂದಲೆಳೆಯಷ್ಟು ಬಿರುಕು ಬಾಯಿ ಬಿಡುವುದು ಆಗಲೇ.

ಹನಿ ಕಂಡ ತಕ್ಷಣ ಫ್ರಿಡ್ಜಿಗೆ ನೀರು ಹೋಗುವ ವಾಲ್ವ್ ಮುಚ್ಚಿ. ನೀರು ಪ್ಲಗ್ಗಿನ ಹತ್ತಿರ ಹರಿದಿದ್ದರೆ ಅದನ್ನು ಮುಟ್ಟಲೇಬೇಡಿ, ಮೊದಲು ಮೇನ್ ಸ್ವಿಚ್ ಆರಿಸಿ. ಇಲ್ಲವಾದರೆ ಫ್ರಿಡ್ಜಿನ ನೀರು ಬರುವ ಮೂತಿಗೆ ಲೋಟ ಹಿಡಿದು, ನೀರು ಬಿಟ್ಟು ಒಳಗಿನ ಒತ್ತಡ ಇಳಿಸಿಕೊಂಡು, ಆಮೇಲೆ ಪ್ಲಗ್ ಕೀಳಿ.

ಸೋರುತ್ತಿರುವುದು ಫಿಲ್ಟರೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಎಲ್ಲವನ್ನೂ ಒರೆಸಿ, ಫಿಲ್ಟರಿನ ಕುತ್ತಿಗೆಗೆ ಒಣ ಟಿಶ್ಯೂ ಸುತ್ತಿ, ವಾಲ್ವ್ ತೆರೆದು ನೋಡಿ. ಟಿಶ್ಯೂ ಒಣಗಿದ್ದು ತರಕಾರಿ ಡಬ್ಬಿಯ ಕೆಳಗೆ ಮಾತ್ರ ನೀರು ನಿಲ್ಲುತ್ತಿದ್ದರೆ ಬಹುತೇಕ ಡಿಫ್ರಾಸ್ಟ್ ನೀರು (ಒಳಗಿನ ಹಿಮ ಕರಗಿದ ನೀರು) ಹೋಗುವ ರಂಧ್ರ ಕಟ್ಟಿಕೊಂಡಿರುತ್ತದೆ. ಅದಕ್ಕೆ ಎಷ್ಟು ಫಿಲ್ಟರ್ ಬದಲಿಸಿದರೂ ಪ್ರಯೋಜನವಿಲ್ಲ.

ಫಿಲ್ಟರಿನದೇ ಸೋರಿಕೆಯಾದರೆ ವಾಲ್ವ್ ಮತ್ತೆ ಮುಚ್ಚಿ, ಒತ್ತಡ ಇಳಿಸಿ, ಕೆಳಗೆ ಟವೆಲ್ ಹಾಸಿ ಫಿಲ್ಟರ್ ತೆಗೆಯಿರಿ. ಟಾರ್ಚ್ ಹಿಡಿದು ಹೆಡ್ಡಿನ ಒಳಗೆ ನೋಡಿ. ಹಳೆಯ ಉಂಗುರ ಕಪ್ಪಗೆ ಮೂಲೆಯಲ್ಲಿ ಅಡಗಿ ಕೂತಿರುತ್ತದೆ, ಕಣ್ಣಿಗೆ ಬೀಳದಿದ್ದರೆ ಬೆರಳಾಡಿಸಿ ಹುಡುಕಿ. ಸ್ಕ್ರೂಡ್ರೈವರ್, ಚಾಕು ಹಾಕಿ ಕೆದಕಬೇಡಿ. ಪ್ಲಾಸ್ಟಿಕ್ ಗೀರಿದರೆ ಆ ಗೀರಿನಲ್ಲೇ ಹೊಸ ಸೋರಿಕೆ ಹುಟ್ಟುತ್ತದೆ. ಹೊಸ ಫಿಲ್ಟರಿನ ಉಂಗುರಗಳು ತಿರುಚಿಲ್ಲ, ಹರಿದಿಲ್ಲ ಎಂದು ನೋಡಿ ಶುದ್ಧ ನೀರಿನಿಂದ ಒದ್ದೆ ಮಾಡಿ, ಅದಿಷ್ಟೇ ಸಾಕು. ಬೇಕೆನಿಸಿದರೆ ಆಹಾರ ದರ್ಜೆಯ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ. ವ್ಯಾಸಲೀನ್, ಅಡುಗೆ ಎಣ್ಣೆ ಬೇಡ, ಇಂಥ ಉಂಗುರಗಳಲ್ಲಿ ಸಾಮಾನ್ಯವಾದ ಇಪಿಡಿಎಂ ಎಂಬ ರಬ್ಬರ್ ವ್ಯಾಸಲೀನಿನಂಥ ಪೆಟ್ರೋಲಿಯಂ ಜೆಲ್ಲಿಗೆ ಊದಿಕೊಳ್ಳುತ್ತದೆ. ಟೆಫ್ಲಾನ್ ಟೇಪ್ ಥ್ರೆಡ್ಡಿನ ಜೋಡಣೆಗೆ ಇರುವುದು, ಅದನ್ನು ಉಂಗುರದ ಮೇಲೆ ಸುತ್ತಿದರೆ ಉಂಗುರ ಕೂರುವುದೇ ಇಲ್ಲ.

ನೇರವಾಗಿ ಒತ್ತಿ, ಬಾಣದ ಗುರುತುಗಳು ಕೂಡುವವರೆಗೆ ತಿರುಗಿಸಿ ನಿಲ್ಲಿಸಿ. ಅಲ್ಲಿಗೆ ಬರಲು ವಿಪರೀತ ಬಲ ಬೇಕಾದರೆ ತೆಗೆದು ಮತ್ತೆ ನೋಡಿ. ಫಿಲ್ಟರ್ ನಂಬರ್ ಫ್ರಿಡ್ಜಿನ ಮಾದರಿಗೆ ಹೊಂದುತ್ತದೆಯೇ ಎಂದೂ ಪರಿಶೀಲಿಸಿ. ನೋಡಲು ಒಂದೇ ತರಹ ಇರುವ ಅಗ್ಗದ ಫಿಲ್ಟರುಗಳ ಕುತ್ತಿಗೆ ಕೂದಲೆಳೆಯಷ್ಟು ತೆಳ್ಳಗಿದ್ದರೂ ನೀರು ಒಸರುತ್ತದೆ.

ವಾಲ್ವ್ ನಿಧಾನವಾಗಿ ತೆರೆಯಿರಿ. ಪ್ಲಗ್ ಹಾಕಿ, ಸಾಮಾನ್ಯವಾಗಿ 8ರಿಂದ 15 ಲೀಟರ್ ನೀರು ಹರಿಸಿ ಚೆಲ್ಲಬೇಕು, ಫಿಲ್ಟರ್ ಜೊತೆ ಬಂದ ಚೀಟಿಯಲ್ಲಿ ಅಳತೆ ಇರುತ್ತದೆ. ಕಪ್ಪು ಪುಡಿ ಬಂದರೆ ಅದು ಒಳಗಿನ ಕಾರ್ಬನ್. ನೀರು ಬರುವ ಮೂತಿಯಲ್ಲಿ ಒಂದೆರಡು ದಿನ ಹನಿಯುವುದು ಸಿಕ್ಕಿಕೊಂಡ ಗಾಳಿಯಿಂದ, ಅದಕ್ಕೆ ಫಿಲ್ಟರ್ ಬಿಚ್ಚಬೇಡಿ.

ಹೆಡ್ ಸೀಳಿದ್ದರೆ ಅಂಟು ಹಚ್ಚುವ ಪ್ರಯತ್ನ ಬೇಡ. ಸದಾ ಒತ್ತಡವಿರುವ ಜಾಗದಲ್ಲಿ ಅದು ನಿಲ್ಲುವುದಿಲ್ಲ, ಹೆಡ್ಡನ್ನೇ ಬದಲಿಸಬೇಕು. ಹೆಡ್ ಬದಲಿಸಿದರೂ ಮತ್ತೆ ಮತ್ತೆ ಸೋರಿದರೆ ಮನೆಯ ನೀರಿನ ಒತ್ತಡ ಅಳೆಸಿ. ಬಹಳಷ್ಟು ಫ್ರಿಡ್ಜುಗಳ ಮಿತಿ 120 ಪಿಎಸ್‌ಐ (ಒತ್ತಡ ಅಳೆಯುವ ಮಾನ), ಅದಕ್ಕಿಂತ ಹೆಚ್ಚಿದ್ದರೆ ಒತ್ತಡ ತಗ್ಗಿಸುವ ವಾಲ್ವ್ ಹಾಕಿಸಬೇಕಾಗುತ್ತದೆ.

ಫಿಲ್ಟರ್ ಬದಲಿಸಿದ ಮೊದಲ ರಾತ್ರಿ ವಾಲ್ವ್ ಮುಚ್ಚಿಯೇ ಮಲಗಿ. ಮಾರನೇ ದಿನ ಟಿಶ್ಯೂ ಸುತ್ತಿ, ವಾಲ್ವ್ ತೆರೆದು, ಮನೆಯಲ್ಲಿ ಯಾರಾದರೂ ಇರುವಾಗ ಐದಾರು ಗಂಟೆ ಬಿಟ್ಟು ನೋಡಿ.