ದೊಡ್ಡ ಸಂಖ್ಯೆಗಳನ್ನು ಒಡೆಯುವ ಪಾರಿ/ಜಿಪಿ: ಬಳಕೆದಾರರ ವಿಮರ್ಶೆ

ಫ್ರಾನ್ಸಿನ ಬೋರ್ಡೊ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ, ಉಚಿತವಾಗಿ ದೊರೆಯುವ ಪಾರಿ/ಜಿಪಿ ತಂತ್ರಾಂಶಕ್ಕೆ 147573952589676412927 ಎಂಬ 21 ಅಂಕಿಗಳ ಸಂಖ್ಯೆಯನ್ನು, ಅಂದರೆ 2ರ 67ನೆಯ ಘಾತದಿಂದ 1 ಕಳೆದದ್ದನ್ನು, ಕೊಟ್ಟು ‘ಫ್ಯಾಕ್ಟರ್’ (ಅಪವರ್ತನಗಳಾಗಿ ಒಡೆ) ಆದೇಶ ನೀಡಿದರೆ, 193707721 ಮತ್ತು 761838257287 ಎಂಬ ಎರಡು ಅವಿಭಾಜ್ಯ ಅಪವರ್ತನಗಳು ತಮ್ಮ ಘಾತಾಂಕಗಳ ಸಮೇತ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಪರದೆಯ ಮೇಲೆ ಮೂಡುತ್ತವೆ. 1644ರಲ್ಲಿ ಫ್ರಾನ್ಸಿನ ಗಣಿತಜ್ಞ ಮರ್ಸೆನ್ ಅವಿಭಾಜ್ಯವೆಂದು ಪಟ್ಟಿಮಾಡಿದ್ದ ಈ ಸಂಖ್ಯೆ ಹಾಗಲ್ಲವೆಂದು 1876ರಲ್ಲಿ ಅದೇ ದೇಶದ ಗಣಿತಜ್ಞ ಲ್ಯೂಕಾ ತೋರಿಸಿದರೂ, ಅಪವರ್ತನಗಳು ಹೊರಬಿದ್ದದ್ದು 1903ರಲ್ಲಿ, ಅಮೆರಿಕದ ಗಣಿತಜ್ಞ ಫ್ರಾಂಕ್ ನೆಲ್ಸನ್ ಕೋಲ್ ಅವರಿಂದ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ವೇಗವಲ್ಲ, ಪ್ರಾಮಾಣಿಕತೆ: ‘ಇಸ್‌ಪ್ರೈಮ್’ ಎಂಬ ಆದೇಶ ಸಂಖ್ಯೆಯ ಅವಿಭಾಜ್ಯತೆಯನ್ನು ಸಾಬೀತುಪಡಿಸಿಯೇ ಉತ್ತರಿಸುತ್ತದೆ, ‘ಇಸ್‌ಸ್ಯೂಡೋಪ್ರೈಮ್’ ಎಂಬ ಆದೇಶ ಸಂಖ್ಯೆ ಅವಿಭಾಜ್ಯವಾಗಿರುವ ಪ್ರಬಲ ಸಂಭಾವ್ಯತೆಯನ್ನು ಮಾತ್ರ ಸೂಚಿಸುತ್ತದೆ, ಇವೆರಡನ್ನೂ ಅದು ಬೆರೆಸುವುದಿಲ್ಲ. ಆದರೆ ಎಲ್ಲವನ್ನೂ ಆದೇಶ ಟೈಪಿಸಿಯೇ ಮಾಡಬೇಕಾದ್ದರಿಂದ ಹೊಸಬರಿಗೆ ತುಸು ಕಷ್ಟ. ಎರಡು ಭಾರಿ ಅವಿಭಾಜ್ಯಗಳ ಗುಣಲಬ್ಧವಾದ ಇನ್ನೂರು ಅಂಕಿಗಳ ಸಂಖ್ಯೆಯನ್ನು ಕೊಟ್ಟರಂತೂ ಮನೆಯ ಕಂಪ್ಯೂಟರಿನಲ್ಲಿ ಉತ್ತರದ ಆಸೆ ಬಿಡುವುದೇ ಒಳಿತು.